ಅರಗಿನ ಮುದ್ರೆಯ ಡೆಸ್ಕು

ಸರ್ಕಾರ ಒಂದು ಪೆಟ್ಟಿಗೆ ಸೀಮೆಸುಣ್ಣ ಕೊಳ್ಳಬೇಕಾದರೂ ಮೂರು ಅಂಗಡಿಯವರನ್ನು ಬರಹದಲ್ಲಿ ಕೇಳಿಯೇ ಕೊಳ್ಳುತ್ತದೆ. ನಮ್ಮ ಕಡೆ ಮಗಳಿಗೆ ಗಂಡು ಗೊತ್ತುಮಾಡುವಾಗಲೂ ಇಷ್ಟು ವಿಚಾರಣೆ ನಡೆಯುವುದಿಲ್ಲ. ಎಪ್ಪತ್ತರ ದಶಕದಲ್ಲಿ, ಹೊಸಪೇಟೆಯ ಶಿಕ್ಷಣ ಕಚೇರಿಯೊಂದರಲ್ಲಿ, ಈ ವಿಚಾರಣೆಯ ಪೌರೋಹಿತ್ಯ ನನ್ನ ಪಾಲಿಗೆ ಬಂದಿತ್ತು. ಕರಿಹಲಗೆ, ಗಂಟೆ, ಭೂಪಟ, ಕುಡಿಯುವ ನೀರಿನ ಹಂಡೆ, ಹಂಡೆಯ ಮುಚ್ಚಳ, ಎಲ್ಲವೂ ನನ್ನ ಮೇಜಿನ ಮೇಲಿಂದಲೇ ಶಾಲೆಗಳಿಗೆ ಹೋಗಬೇಕು. ನಾನು ಟಿಪ್ಪಣಿ ಬರೆಯದೆ ಸುತ್ತಲಿನ ಯಾವ ಹೊಸ ಗಂಟೆಯೂ ಬಾರಿಸುತ್ತಿರಲಿಲ್ಲ. ಈ ಅಧಿಕಾರ ತಲೆಗೇರದಿರಲೆಂದು ಇಲಾಖೆ ನನಗೆ ಮೂರು ಕಾಲಿನ ಕುರ್ಚಿ ಕೊಟ್ಟಿತ್ತು. ನಾಲ್ಕನೆಯ ಕಾಲಿನ ಕೆಲಸವನ್ನು ಎರಡು ಇಟ್ಟಿಗೆಗಳು ನಿಷ್ಠೆಯಿಂದ ಮಾಡುತ್ತಿದ್ದವು.

ಆಗ ಕಾಲುವೆಯ ಕಾಲ. ನೀರು ಹರಿದ ಕಡೆಯೆಲ್ಲ ಭತ್ತ, ಕಬ್ಬು, ಅಕ್ಕಿ ಗಿರಣಿ. ಕಾಲುವೆ ಬಯಲಿನ ಶಾಲೆಗಳಿಗೆ ನಮ್ಮ ಅಗತ್ಯ ಅಷ್ಟಾಗಿ ಇರಲಿಲ್ಲ. ಗಿರಣಿಯ ಯಜಮಾನರೇ ಬೆಂಚು ಮಾಡಿಸಿ, ಬೆನ್ನಿಗೆ ತಮ್ಮ ತಂದೆಯ ಹೆಸರು ಬರೆಸಿ ಕೊಡುತ್ತಿದ್ದರು. ಮಕ್ಕಳು ಎಷ್ಟೋ ಹಿರಿಯರ ಹೆಸರಿಗೆ ಬೆನ್ನು ಕೊಟ್ಟು ಅಕ್ಷರ ಕಲಿತರು. ನೀರು ಹರಿಯದ ಕಡೆ ಹೀಗಿರಲಿಲ್ಲ. ಆ ವರ್ಷ ಸಂಡೂರು ಸೀಮೆಯ ಕೆಲವು ಶಾಲೆಗಳ ಖರೀದಿಯೂ ನಮ್ಮ ಕಚೇರಿಯ ತಲೆಗೆ ಬಂದಿತ್ತು. ಅದರಲ್ಲಿ ಒಂದು, ಚೋರನೂರಿನ ಆಚೆ, ಮಳೆಯನ್ನೇ ನಂಬಿದ ಒಂದು ಹಳ್ಳಿಯದು. ಅಲ್ಲಿ ಮಕ್ಕಳು ನೆಲದ ಮೇಲೆ ಕೂರುತ್ತಿದ್ದರು.

ಆ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಊರಿನವರಂತೆ ನಾನೂ ಅಕ್ಕೋರು ಎನ್ನುತ್ತಿದ್ದೆ. ಗಟ್ಟಿ ಮೈಯ, ಕಡಿಮೆ ಮಾತಿನ ಹೆಂಗಸು. ಅವರು ಮೊದಲ ಸಲ ಬಂದಾಗ ನಾನು ಎಲ್ಲ ಮುಖ್ಯೋಪಾಧ್ಯಾಯರಿಗೂ ಹೇಳುವುದನ್ನೇ ಹೇಳಿದೆ: ಅರ್ಜಿ ಕೊಟ್ಟು ಹೋಗಿ, ಕ್ರಮ ಜರುಗಿಸಲಾಗುವುದು.

“ಯಾವಾಗ ಜರುಗತೈತ್ರಿ?” ಎಂದರು.

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಆಮೇಲೆ ಅವರೇ ವಿಷಯ ಬಿಡಿಸಿ ಹೇಳಿದರು. ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಗೆ ಅವರ ಮಕ್ಕಳು ಸಂಡೂರಿಗೆ ಹೋಗಿ ವಾರವಿಡೀ ಉಳಿಯಬೇಕಿತ್ತು. ಗಂಡುಮಕ್ಕಳು ಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು ಪರವೂರಿನಲ್ಲಿ ವಾರ ಬಿಡಲು ಮನೆಯವರು ಒಪ್ಪುತ್ತಿರಲಿಲ್ಲ. ಹೋದ ವರ್ಷ ಒಂಬತ್ತು ಹುಡುಗಿಯರು ಏಳನೆಯ ತರಗತಿ ಮುಗಿಸಿ, ಪರೀಕ್ಷೆ ಬರೆಯದೆ, ಶೇಂಗಾ ಬಿಡಿಸಲು ಕೂತರು. ಈ ವರ್ಷ ಹನ್ನೊಂದು ಹುಡುಗಿಯರಿದ್ದರು. ಪರೀಕ್ಷಾ ಕೇಂದ್ರವನ್ನು ಅವರ ಶಾಲೆಗೇ ಕೊಡಬಹುದು, ಆದರೆ ಕೇಂದ್ರವಾಗಲು ಡೆಸ್ಕು ಇರಬೇಕೆಂಬುದು ನಿಯಮ. ನೆಲದ ಮೇಲೆ ಕೂತು ಏಳು ವರ್ಷ ಓದಬಹುದು, ಮೂರು ತಾಸು ಬರೆಯುವಂತಿಲ್ಲ.

“ಇಪ್ಪತ್ತು ಡೆಸ್ಕು ಕೊಡ್ರಿ. ಉಳಿದದ್ದು ನಾ ನೋಡ್ಕೋತೀನಿ,” ಎಂದರು. ಮುಂದಿನ ಶನಿವಾರ ಮತ್ತೆ ಬಂದರು. ಅದರ ಮುಂದಿನ ಶನಿವಾರವೂ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಸಿಕ್ಕ ಅದಿರಿನ ಲಾರಿ ಹತ್ತಿ, ಸೆರಗಿನ ತುಂಬ ಕೆಂಪು ಧೂಳು ಹೊತ್ತು ಬರುತ್ತಿದ್ದರು. ನಮ್ಮ ಕಚೇರಿಯಲ್ಲಿ ಕ್ಯಾಲೆಂಡರು ಇಲ್ಲದಿದ್ದರೂ ಶನಿವಾರ ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು.

ಖರೀದಿಯಲ್ಲಿ ನಾನು ಅದಾಗಲೇ ಒಂದು ಪೆಟ್ಟು ತಿಂದಿದ್ದೆ. ಹಿಂದಿನ ವರ್ಷ ಒಬ್ಬ ಗುತ್ತಿಗೆದಾರ ಮಾದರಿಗೆಂದು ಸಾಗುವಾನಿಯ ಬೆಂಚು ತಂದು ತೋರಿಸಿದ. ಸವರಿ ನೋಡಿದರೆ ಕೈ ಜಾರಬೇಕು, ಹಾಗಿತ್ತು. ಶಾಲೆಗಳಿಗೆ ಬಂದದ್ದು ಹಸಿ ಮಾವಿನ ಹಲಗೆ. ಮಳೆಗಾಲದಲ್ಲಿ ಕೆಲವು ಬೆಂಚು ಚಿಗುರಿದವೆಂದು ಮರಿಯಮ್ಮನಹಳ್ಳಿ ಕಡೆಯ ಒಬ್ಬ ಮಾಸ್ತರರು ವರದಿ ಬರೆದರು. ಚಿಗುರಿದ್ದನ್ನು ನಾನು ನೋಡಲಿಲ್ಲ, ಮುರಿದದ್ದನ್ನು ನೋಡಿದೆ. ಆದ್ದರಿಂದ ಈ ಸಲ ಹಲ್ಲು ಕಚ್ಚಿ ಎರಡು ಕಟ್ಟಳೆ ಮಾಡಿದೆ. ಒಂದು: ಮಾದರಿಯನ್ನು ನಾವೇ ಮಾಡಿಸಿ, ಅದರ ಬೆನ್ನ ಹಲಗೆಗೆ ದಾರ ಪೋಣಿಸಿ, ಅರಗಿನ ಮುದ್ರೆ ಒತ್ತಿ, ಕಚೇರಿಯಲ್ಲಿ ಇಡುವುದು, ಬೇಕಾದವರು ಬಂದು ಅಳತೆ ತೆಗೆದುಕೊಂಡು ದರ ಬರೆದು ಕೊಡಬೇಕು. ಎರಡು, ಮತ್ತು ಇದನ್ನು ನಾನು ಕೆಂಪು ಶಾಯಿಯಲ್ಲಿ ಬರೆದೆ: ಸರಬರಾಜಾಗುವ ಪ್ರತಿಯೊಂದು ಡೆಸ್ಕೂ ಮುದ್ರೆಯ ಮಾದರಿಯನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೋಲಬೇಕು, ಮಾದರಿಯೇ ಅಂತಿಮ. ಬರೆದು ಮುಗಿಸಿ, ಇನ್ನು ಮಾವಿನ ಮರಗಳು ನೆಮ್ಮದಿಯಿಂದ ಕಾಯಿ ಬಿಡಲಿ ಎಂದುಕೊಂಡೆ.

ಡೆಸ್ಕು ಎಂದರೆ ಕೂರುವ ಹಲಗೆಯೂ ಬರೆಯುವ ಹಲಗೆಯೂ ಒಂದೇ ಚೌಕಟ್ಟಿಗೆ ಸೇರಿದ್ದು, ನಾಲ್ಕು ಕಾಲಿನದು, ಮೂವರು ಕೂರುವಂಥದ್ದು. ಕೂರುವ ಹಲಗೆಯ ಎತ್ತರ ಎಷ್ಟಿರಬೇಕೆಂದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಕಚೇರಿಯಲ್ಲಿ ನಾಲ್ಕು ಕಾಲೂ ಸರಿಯಿದ್ದ ಕುರ್ಚಿ ಸಾಹೇಬರದೊಂದೇ. ಅದನ್ನು ಅಳೆದು, ಹದಿನೆಂಟು ಅಂಗುಲ ಎಂದು ಬರೆದುಬಿಟ್ಟೆ.

ಮಾದರಿ ಬಂತು, ಮುದ್ರೆ ಬಿತ್ತು. ಒಳಗೆ ಫೈಲುಗಳಿಗೇ ಜಾಗವಿಲ್ಲದ್ದರಿಂದ ಡೆಸ್ಕನ್ನು ಜಗುಲಿಯಲ್ಲಿ, ಗೋಡೆಗೆ ಬೆನ್ನು ಮಾಡಿ ಇಟ್ಟೆವು. ಕಟ್ಟಡ ಅಣೆಕಟ್ಟು ಕಟ್ಟುವಾಗಿನದು. ಕಟ್ಟಿದ ಇಂಜಿನಿಯರ ಯಾರೋ ಮಳೆಗೆ ಹೆದರಿದವನಿರಬೇಕು, ನೀರು ಹೊರಗೆ ಹರಿಯಲೆಂದು ಜಗುಲಿಗೆ ಧಾರಾಳವಾಗಿ ಇಳಿಜಾರು ಕೊಟ್ಟಿದ್ದ. ಡೆಸ್ಕು ರಸ್ತೆಯ ಕಡೆಗೆ ನಮಸ್ಕಾರ ಮಾಡುವಂತೆ ಬಾಗಿ ನಿಂತಿತು.

ನಾನು ನಾಲ್ಕು ದಿನ ಬಳ್ಳಾರಿಗೆ ಕೆಲಸದ ಮೇಲೆ ಹೋಗಿದ್ದೆ. ಸೆಖೆಗೆ ಸಾಹೇಬರು ಜಗುಲಿಯಲ್ಲೇ, ಆ ಡೆಸ್ಕಿನಲ್ಲೇ ಕೂತು ಸಹಿ ಮಾಡಲು ಶುರುಮಾಡಿದರಂತೆ. ಚಹಾದ ಬಟ್ಟಲು ಜಾರಿ ರಸ್ತೆಗೆ ಹೋಯಿತಂತೆ. “ಇದನ್ನ ಸ್ವಲ್ಪ ಸಮ ಮಾಡಸ್ರಿ,” ಎಂದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನಮ್ಮ ಜವಾನ ಹೇಳಿದ್ದನ್ನು ಹೇಳಿದ ಕೂಡಲೆ ಮಾಡುವ ಅಪರೂಪದ ಮನುಷ್ಯ. ಇಲಾಖೆಗೆ ಅದರಿಂದ ಆಗಾಗ ತೊಂದರೆಯಾಗುತ್ತಿತ್ತು. ಪಕ್ಕದ ಮನೆಯಿಂದ ಗರಗಸ ತಂದು ಗೋಡೆಯ ಕಡೆಯ ಎರಡು ಕಾಲುಗಳನ್ನು ಎರಡೆರಡು ಬೆರಳು ಕೊಯ್ದ. ಡೆಸ್ಕು ಜಗುಲಿಯ ಮೇಲೆ ಲಕ್ಷಣವಾಗಿ ಸಮ ನಿಂತಿತು. ನಾನು ಮರಳಿ ಬಂದಾಗ ಅದು ಮೊದಲಿಗಿಂತ ಸಂಭಾವಿತವಾಗಿ ಕಂಡಿತು, ಅಷ್ಟೆ. ಅರಗಿನ ಮುದ್ರೆ ಇದ್ದಲ್ಲಿಯೇ ಇತ್ತು. ಮುದ್ರೆ ಭದ್ರವಿದ್ದ ಮೇಲೆ ಕಾಲು ನೋಡುವವರು ಯಾರು?

ಮಾದರಿ ನೋಡಲು ಮೂವರು ಬಂದರು. ಇಬ್ಬರು ದೂರದಿಂದಲೇ ನೋಡಿ, ಎಲೆ ಅಡಿಕೆ ಹಾಕಿಕೊಂಡು ಹೋದರು. ಮೂರನೆಯವನು ಕಂಪ್ಲಿಯ ಬಡಿಗೇರ. ಬಂಡಿ, ಕುಂಟೆ, ಗಿರಣಿಯ ಬಾಗಿಲು ಮಾಡಿ ಹೆಸರು ಪಡೆದವನು, ಸರ್ಕಾರದ ಕೆಲಸ ಅದೇ ಮೊದಲು. ಅವನು ಟೇಪು ತರಲಿಲ್ಲ, ಒಂದು ಬಿದಿರ ಕಡ್ಡಿ ತಂದಿದ್ದ. ನೆಲಕ್ಕೆ ಕೂತು ಒಂದೊಂದೇ ಭಾಗಕ್ಕೆ ಕಡ್ಡಿ ಹಿಡಿದು ಚಾಕುವಿನಿಂದ ಗೀರು ಹಾಕಿಕೊಂಡ. ಕಾಲುಗಳ ಹತ್ತಿರ ಬಹಳ ಹೊತ್ತು ಕೂತ. ಆಮೇಲೆ ನನ್ನ ಮೇಜಿಗೆ ಬಂದ.

“ನಾಕೂ ಕಾಲು ಇದರಂಗ ಇರಬೇಕೇನ್ರಿ?”

“ಕಾಲಷ್ಟ ಅಲ್ಲಪ, ಮೊಳಿ ಸೈತ,” ಎಂದೆ, ತಲೆ ಎತ್ತದೆ.

ಅವನು ನನ್ನನ್ನು ನೋಡಿದ, ಹೊರಗೆ ಡೆಸ್ಕನ್ನು ನೋಡಿದ, ಕಡ್ಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಮೂವರು ಬರೆದುಕೊಟ್ಟ ದರಗಳಲ್ಲಿ ಅವನದೇ ಕಡಿಮೆಯಿತ್ತು. ಕೆಲಸ ಅವನದಾಯಿತು.

ಡೆಸ್ಕುಗಳು ಬರುವಷ್ಟರಲ್ಲಿ ಮಾಗಿಯ ಚಳಿ ಮುಗಿದಿತ್ತು. ಸೋಮವಾರ ಬಳ್ಳಾರಿಯಿಂದ ಅಧಿಕಾರಿಗಳು ಬಂದು ಅಕ್ಕೋರ ಶಾಲೆಯನ್ನು ನೋಡುವುದೆಂದು ಗೊತ್ತಾಗಿತ್ತು. ಅಂದು ಡೆಸ್ಕು ಕಂಡರೆ ಕೇಂದ್ರ, ಇಲ್ಲದಿದ್ದರೆ ಸಂಡೂರು. ಶನಿವಾರ ಬೆಳಿಗ್ಗೆ ಕಂಪ್ಲಿಯಿಂದ ಬಂದ ಇಪ್ಪತ್ತು ಡೆಸ್ಕುಗಳನ್ನು ಕಚೇರಿಯ ಅಂಗಳದಲ್ಲಿ ಸಾಲಾಗಿ ಇಳಿಸಿದರು. ಪರಿಶೀಲಿಸಿ ನಾನು ಒಪ್ಪಿಗೆ ಬರೆದರೆ, ಅದಿರು ಇಳಿಸಿ ಬರಿದಾಗಿ ಸಂಡೂರಿಗೆ ಮರಳುವ ಲಾರಿಯೊಂದರಲ್ಲಿ ಅವು ಹೋಗಬೇಕು. ಅಕ್ಕೋರು ಅಂದು ಶಾಲೆಗೆ ರಜೆ ಹಾಕಿ ಬೆಳಗ್ಗೆಯೇ ಬಂದಿದ್ದರು. ಲಾರಿಯನ್ನೂ ಅವರೇ ಗೊತ್ತುಮಾಡಿದ್ದರು.

ನಾನು ಮೊದಲು ಮರ ನೋಡಿದೆ. ಒಳ್ಳೆಯ ಮತ್ತಿ ಮರ. ಕೀಲು ನೋಡಿದೆ, ಕೂದಲು ತೂರದಷ್ಟು ಬಿಗಿ. ಹೆಮ್ಮೆಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ಸಾಲನ್ನು ನೋಡಿದೆ. ಇಪ್ಪತ್ತೂ ಡೆಸ್ಕುಗಳು, ಹೊಟ್ಟೆ ತುಂಬ ಉಂಡು ಹಿಂದಕ್ಕೆ ಒರಗಿದ ಬೀಗರಂತೆ, ಆಕಾಶ ನೋಡುತ್ತಿದ್ದವು.

ಅಕ್ಕೋರು ಒಂದರಲ್ಲಿ ಕೂತು ಬರೆಯುವ ಹಲಗೆಯ ಮೇಲೆ ಪೆನ್ನಿಟ್ಟರು. ಪೆನ್ನು ಉರುಳಿ ಅವರ ಮಡಿಲಿಗೆ ಬಂತು. ಮತ್ತೆ ಇಟ್ಟರು. ಮತ್ತೆ ಬಂತು.

“ಬಡಿಗೇರ, ಏನಪ ಇದು?” ಎಂದೆ.

“ಏನ್ರಿ?”

“ಹಿಂದಿನ ಕಾಲು ಗಿಡ್ಡ ಆಗ್ಯಾವಲ್ಲ.”

“ಹೌದ್ರಿ. ಎರಡು ಬೆರಳು.” ಅವನ ದನಿಯಲ್ಲಿ ಅಳುಕಿರಲಿಲ್ಲ, ಕಸುಬಿನ ತೃಪ್ತಿ ಇತ್ತು. “ಅದರಂಗ ಮಾಡೀನ್ರಿ. ತಂದು ಜೋಡಿಸಿ ನೋಡ್ರಿ.”

ಜವಾನ ಮತ್ತು ನಾನು ಮಾದರಿಯನ್ನು ಜಗುಲಿಯಿಂದ ಎತ್ತಿ ಅಂಗಳಕ್ಕೆ ತಂದಿಟ್ಟೆವು. ಸಮ ನೆಲದ ಮೇಲೆ ಅದೂ ಹಿಂದಕ್ಕೆ ಒರಗಿ ಆಕಾಶ ನೋಡಿತು. ಇಪ್ಪತ್ತೊಂದೂ ಒಂದೇ ತಾಯಿಯ ಮಕ್ಕಳು. ಜವಾನನಿಗೆ ಅದೇ ಗಳಿಗೆಯಲ್ಲಿ ನೀರಿನ ಹಂಡೆ ತುಂಬಿಸುವುದು ನೆನಪಾಯಿತು. ಕರೆದು ಕೇಳಿದಾಗ ಗರಗಸದ ಕತೆ ಹೊರಬಿತ್ತು.

“ಅಲ್ಲ, ನೀನಾರ ಒಂದು ಮಾತು ಹೇಳಬಾರದೇನು?” ಎಂದು ಬಡಿಗೇರನ ಮೇಲೆ ಹೋದೆ.

“ಕೇಳಿದ್ನೆಲ್ರಿ, ನಾಕೂ ಕಾಲು ಇದರಂಗ ಇರಬೇಕೇನ್ರಿ ಅಂತ. ಮೊಳಿ ಸೈತ ಅಂದ್ರಿ. ಯಾರದಾರ ಮನಿ ಬಾಗಲಾಗಿದ್ರ ನಾನ ತಿದ್ದಿ ಮಾಡ್ತಿದ್ದೆ. ಇದು ಸರ್ಕಾರದ್ದು, ಮ್ಯಾಲೆ ಮುದ್ರಿ ಬ್ಯಾರೆ ಹಾಕ್ಯಾರ. ಏನಾರ ಕಾರಣ ಇರಬೇಕು ಅಂದ್ಕಂಡೆ.”

“ಏನು ಕಾರಣ ಇರ್ತೈತಪ ಇದಕ್ಕ?”

“ಹುಡ್ರು ಮುಂದಕ ಬಿದ್ದು ತೂಕಡಸಬಾರದು ಅಂತ ಇರಬೇಕು ಅಂತ…”

“ಹಿಂಗಾದ್ರ ತೂಕಡಸೋದಿಲ್ಲ ಬಿಡ್ರಿ,” ಎಂದರು ಅಕ್ಕೋರು, ಮಡಿಲಿನ ಪೆನ್ನು ತೆಗೆಯುತ್ತ. “ಮಲಗೇ ಬಿಡ್ತಾರ.”

ಬಡಿಗೇರ, ನಾಲ್ಕು ತಾಸು ಕೊಟ್ಟರೆ ಮುಂದಿನ ಕಾಲುಗಳನ್ನೂ ಕೊಯ್ದು ಸಮ ಮಾಡಿಬಿಡುತ್ತೇನೆ ಎಂದ. ನನ್ನ ಕೆಂಪು ಶಾಯಿ ಅಡ್ಡ ನಿಂತದ್ದು ಅಲ್ಲಿ. ಕೊಯ್ದರೆ ಡೆಸ್ಕು ಮಾದರಿಯನ್ನು ಹೋಲುವುದಿಲ್ಲ, ನಾನು ಒಪ್ಪುವಂತಿಲ್ಲ. ಕೊಯ್ಯದಿದ್ದರೆ ಮಾದರಿಯನ್ನು ಹೋಲುತ್ತದೆ, ಒಪ್ಪಬೇಕು, ಆದರೆ ಸೋಮವಾರ ಬರುವ ಅಧಿಕಾರಿ ಇದರಲ್ಲಿ ಕೂತರೆ ಪರೀಕ್ಷಾ ಕೇಂದ್ರವಲ್ಲ, ಕ್ಷೌರದ ಅಂಗಡಿ ಎಂದು ಬರೆದುಕೊಂಡು ಹೋಗುತ್ತಾರೆ. ಮೊದಲು ಒಪ್ಪಿ ಆಮೇಲೆ ತಿದ್ದಿಸೋಣವೆಂದರೆ ತಿದ್ದುವುದಕ್ಕೂ ಮೂರು ಕೊಟೇಶನ್ನು ಬೇಕು. ತಿರಸ್ಕರಿಸಲು ಕಾರಣವಿಲ್ಲ, ಸ್ವೀಕರಿಸಿ ಪ್ರಯೋಜನವಿಲ್ಲ, ತಿದ್ದಲು ಅಧಿಕಾರವಿಲ್ಲ. ಗುತ್ತಿಗೆದಾರರನ್ನು ಹಿಡಿಯಲು ನಾನು ನೇಯ್ದ ಬಲೆ ಬಹಳ ಚೆನ್ನಾಗಿತ್ತು, ಒಳಗೆ ನಾನೇ ಇದ್ದೆ.

ಲಾರಿಯ ಡ್ರೈವರು ಹಾರ್ನು ಬಾರಿಸಿದ. “ಏ ಸಾಹೇಬ್ರ, ಜಲ್ದಿ ಆಗ್ಲಿ. ಇದೇನು ಲಗ್ನದ ಸಾಮಾನೇನು, ಇಷ್ಟು ನೋಡಾಕ?”

ಸಾಹೇಬರು ಹೊರಗೆ ಬಂದರು. ಸಾಲನ್ನು ನೋಡಿದರು.

“ಮಾದರಿಗೆ ಹೊಂದ್ತಾವೇನು?”

“ಹೊಂದ್ತಾವ್ರಿ. ಅದೇ ತೊಂದರಿ.”

“ಮಾದರಿ ಕಾಲು ಕೊಯ್ಯಾಕ ಹೇಳಿದವ್ರು ಯಾರು?”

“ತಾವ ರಿ,” ಎಂದ ಜವಾನ. “ಚಾ ಬಿತ್ತಲ್ಲರಿ, ಅವತ್ತ.”

ಸಾಹೇಬರು ಒಂದು ಸುತ್ತೋಲೆ ಓದುವಷ್ಟು ಹೊತ್ತು ಜಗುಲಿಯ ಇಳಿಜಾರನ್ನು ನೋಡಿದರು. ಅಷ್ಟರಲ್ಲಿ ನಾನು ಅಕ್ಕೋರಿಗೆ, ಎರಡು ತಿಂಗಳಲ್ಲಿ ಹೊಸದಾಗಿ ಕೊಟೇಶನ್ನು ಕರೆದು ಕೊಡಿಸುತ್ತೇನೆ ಎಂದೆ. ಅವರು ಎದ್ದು ನಿಂತರು.

“ಎರಡು ತಿಂಗಳಿಗೆ ನಮ್ಮ ಹುಡುಗ್ಯಾರು ಪರೀಕ್ಷಿ ಬರ್ಯಂಗಿಲ್ರಿ, ಶೇಂಗಾ ಬಿಡಸ್ತಿರ್ತಾರ. ನಾ ಇವತ್ತು ಡೆಸ್ಕು ಬಿಟ್ಟು ಹೋಗಾಕಿ ಅಲ್ಲ. ಒಂದು ಮಾತು ಹೇಳ್ರಿ. ನೀವು ಈ ಮುದ್ರಿ ಡೆಸ್ಕು ನೋಡಿ ಆ ಇಪ್ಪತ್ತು ಡೆಸ್ಕು ತಗೋತೀರಿ. ಹೌದಿಲ್ಲೋ?”

“ಹೌದ್ರಿ.”

“ಹಂಗಾರ ಮೊದಲು ಈ ಡೆಸ್ಕು ಸರಿ ಮಾಡ್ರಿ. ಅವು ಇದರಂಗ ಆಗ್ತಾವು.”

ಇಲಾಖೆಯ ಇಷ್ಟು ವರ್ಷದ ಅನುಭವವೆಲ್ಲ ಸೇರಿ ನನಗೆ ಹೊಳೆಯದ್ದು ಅವರಿಗೆ ಅಂಗಳದಲ್ಲಿ ನಿಂತು ಹೊಳೆಯಿತು. ಸಾಹೇಬರು ಕೆಮ್ಮಿದರು.

“ಮುದ್ರಿ ಎಲ್ಲೈತ್ರಿ?”

“ಬೆನ್ನ ಹಲಗಿಗೈತ್ರಿ.”

“ಕಾಲಿಗೆ?”

“ಕಾಲಿಗಿಲ್ರಿ.”

“ಮುದ್ರಿ ಮುರೀದಂಗ ನೋಡ್ಕೋರಿ. ಏನು ಮಾಡಿದ್ರಿ ಅನ್ನೋದು ಫೈಲಿನ್ಯಾಗ ಖರೇ ಬರೀರಿ, ನಾ ಸಹಿ ಮಾಡ್ತೀನಿ,” ಎಂದು ಒಳಗೆ ಹೋದರು. ಹೋಗುತ್ತ, “ಚಾ ಬಿದ್ದದ್ದೂ ಬರೀರಿ,” ಎಂದರು.

ಬಡಿಗೇರ ಗರಗಸ ಹಿಡಿದು ಬಂದ. ನಾನು ಅದನ್ನು ಕೈಯಿಂದ ಇಸಿದುಕೊಂಡೆ. ಮಾದರಿಯನ್ನು ತಿದ್ದಿ ಗುತ್ತಿಗೆದಾರನಿಗೆ ಕೊಡುವುದು ಇಲಾಖೆಯ ಕೆಲಸ, ಗುತ್ತಿಗೆದಾರನದಲ್ಲ. ಅಲ್ಲದೆ ಕೂದಲೆಳೆಯ ಮಾತು ಬರೆದವನು ನಾನು. ಅವನು ಮುಂದಿನ ಎರಡು ಕಾಲುಗಳಿಗೆ ಬಿದಿರ ಕಡ್ಡಿ ಇಟ್ಟು ಗೆರೆ ಎಳೆದುಕೊಟ್ಟ. ನಾನು ಅಂಗಿಯ ತೋಳು ಮಡಚಿ ಅಂಗಳದ ನಡುವೆ ಮಂಡಿಯೂರಿದೆ. ಜೀವಮಾನದಲ್ಲಿ ಅದುವರೆಗೆ ನಾನು ಕೊಯ್ದದ್ದು ಲಕೋಟೆ ಮಾತ್ರ.

“ಒತ್ತಬ್ಯಾಡ್ರಿ,” ಎಂದ ಬಡಿಗೇರ. “ಹಗೂರಕ ಬಿಡ್ರಿ. ಅದು ರಬ್ಬರ್ ಸ್ಟಾಂಪಲ್ಲ.”

ಒಂದು ಕಾಲಿಗೆ ಅರ್ಧ ತಾಸು ಹಿಡಿಯಿತು. ಅಷ್ಟು ಹೊತ್ತೂ ಬಡಿಗೇರನ ಮುಖದ ಮೇಲೆ, ತನ್ನ ಎತ್ತನ್ನು ಬೇರೆಯವರು ಹೊಡೆಯುವುದನ್ನು ನೋಡುವವನ ಸಂಕಟವಿತ್ತು. ಜನ ಕೂಡಿದರು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಎರಡನೆಯ ಕಾಲನ್ನಾದರೂ ಬಡಿಗೇರನಿಗೆ ಬಿಡಿ ಎಂದು ಡ್ರೈವರು ಲಾರಿಯಿಂದಲೇ ಬೇಡಿಕೊಂಡ. ಬಿಡಲಿಲ್ಲ. ಎರಡೂ ಮುಗಿದಾಗ ಅಕ್ಕೋರು ಬಂದು ಬರೆಯುವ ಹಲಗೆಯ ಮೇಲೆ ಪೆನ್ನಿಟ್ಟರು. ಪೆನ್ನು ನಿಂತಿತು.

ಆಮೇಲೆ ಬಡಿಗೇರನೂ ಅವನ ತಮ್ಮನೂ ಇಪ್ಪತ್ತು ಡೆಸ್ಕುಗಳ ನಲವತ್ತು ಕಾಲುಗಳನ್ನು, ನಾನು ಒಂದಕ್ಕೆ ತೆಗೆದುಕೊಂಡ ಹೊತ್ತಿನಲ್ಲಿ ಹತ್ತರಂತೆ, ಕೊಯ್ದು ಎಸೆದರು. ನಾನು ಒಂದೊಂದನ್ನೇ ಮಾದರಿಯ ಪಕ್ಕಕ್ಕೆ ಇಡಿಸಿ ನೋಡಿದೆ. ಮಾದರಿಯನ್ನು ಹೋಲುತ್ತವೆ ಎಂದು ಬರೆದೆ. ಅದಕ್ಕೂ ಮೊದಲು ನಡೆದದ್ದನ್ನು, ಚಹಾ ಸಮೇತ, ಒಂದೂವರೆ ಪುಟ ಬರೆದೆ. ಕೊಯ್ದ ತುಂಡುಗಳನ್ನು ಜವಾನ ಪ್ರಾಯಶ್ಚಿತ್ತವೆಂಬಂತೆ ಆಯ್ದು ಒಲೆಗೆ ಒಟ್ಟಿಕೊಂಡ. ಮುಂದೆ ಒಂದು ತಿಂಗಳು ನಮ್ಮ ಕಚೇರಿಯ ಚಹಾ ಒಳ್ಳೆಯ ಮತ್ತಿ ಮರದ ಉರಿಯಲ್ಲಿ ಕಾಯಿತು. ಸಾಲಿನ ಕೊನೆಯಲ್ಲಿ ಮಾದರಿಯೂ ಲಾರಿ ಏರಿತು, ಏಕೆಂದರೆ ಸರಬರಾಜು ಮುಗಿದ ಮೇಲೆ ಮಾದರಿಯನ್ನು ಶಾಲೆಗೇ ಕೊಡುವುದು ಪದ್ಧತಿ. ಅಕ್ಕೋರು ಡ್ರೈವರನ ಪಕ್ಕದಲ್ಲಿ ಕೂತು, ಹಿಂದೆ ತಿರುಗಿ ನೋಡದೆ ಹೋದರು.

ಸೋಮವಾರ ಬಂದ ಅಧಿಕಾರಿಗಳು, ಡೆಸ್ಕುಗಳ ಮೇಲೆ ಅದಿರಿನ ಧೂಳು ಹೆಚ್ಚಾಗಿದೆ ಎಂಬ ಒಂದು ಆಕ್ಷೇಪದೊಂದಿಗೆ ಕೇಂದ್ರವನ್ನು ಮಂಜೂರು ಮಾಡಿದರು.

ಪರೀಕ್ಷೆಗೆ ಮೇಲ್ವಿಚಾರಕರು ಸಾಲದೆ ನನ್ನನ್ನೂ ಆ ಊರಿಗೆ ಹಾಕಿದರು. ಮೊದಲ ಗಂಟೆ ಬಾರಿಸಿದಾಗ ಕೋಣೆಯೊಳಗೆ ಹೋದೆ. ಹನ್ನೊಂದು ಹುಡುಗಿಯರೂ ಇದ್ದರು. ಎರಡು ಸಲ ಎಣಿಸಿದೆ. ಮುದ್ರೆಯ ಡೆಸ್ಕು ಮುಂದಿನ ಸಾಲಿನಲ್ಲಿತ್ತು. ಅದರಲ್ಲಿ ಕೂತ ಹುಡುಗಿ ಬೆನ್ನ ಹಿಂದೆ ಚುಚ್ಚುತ್ತಿದ್ದ ಅರಗನ್ನು ಒಂದು ಕೈಯಿಂದ ಕೆರೆಯುತ್ತ ಇನ್ನೊಂದು ಕೈಯಿಂದ ಗಣಿತ ಬರೆಯುತ್ತಿದ್ದಳು. ಸರ್ಕಾರದ ಮುದ್ರೆ ಚೂರುಚೂರಾಗಿ ನೆಲಕ್ಕೆ ಉದುರುವುದನ್ನು ತಡೆಯದೆ ನೋಡುತ್ತ ನಿಂತೆ. ಹಾಗೆ ನೆಲ ನೋಡುವಾಗಲೇ ಅವಳ ಪಾದಗಳು ಕಂಡದ್ದು. ಬರಿಗಾಲು, ಎರಡೂ ಹಿಮ್ಮಡಿ ನೆಲಕ್ಕೆ ಊರಿದ್ದವು. ಸುಮ್ಮನೆ ಊರಿದ್ದವು, ಎಟುಕಿಸಿಕೊಂಡಲ್ಲ. ಸಾಹೇಬರ ಕುರ್ಚಿಯ ಹದಿನೆಂಟು ಅಂಗುಲ ಉಳಿದಿದ್ದರೆ ಅವು ಎರಡು ಬೆರಳು ಮೇಲೆ ತೂಗಾಡಬೇಕಿತ್ತು.

ಪರೀಕ್ಷೆ ಮುಗಿದ ಮೇಲೆ ಅಕ್ಕೋರಿಗೆ ಇದನ್ನು ಹೇಳಿದೆ, ನನ್ನ ದೊಡ್ಡ ಸಂಶೋಧನೆ ಎಂಬಂತೆ.

“ಗೊತ್ತಿತ್ರಿ,” ಎಂದರು ಉತ್ತರ ಪತ್ರಿಕೆಗಳ ಕಟ್ಟು ಕಟ್ಟುತ್ತ. “ಆ ಮುದ್ರಿ ಡೆಸ್ಕು ಬಂದ ಮೊದಲನೇ ಶನಿವಾರ ನಿಮ್ಮ ಜಗಲಿ ಮ್ಯಾಲೆ ಅದರಾಗ ಕುಂತಿದ್ನೆಲ್ಲ. ನನಗ ಸರಿ ಆಗ್ತೈತಂದ್ರ ಹುಡುಗ್ಯಾರಿಗೆ ಎತ್ತರ ಆಗ್ತೈತಿ.”

“ಮತ್ತ ಅವಾಗ ಯಾಕ ಹೇಳಲಿಲ್ರಿ?”

“ಹೇಳಿದ್ರ ನೀವು ಅಳತಿ ತಿದ್ದಿ, ಮತ್ತ ಹೊಸದಾಗಿ ಕರೀತಿದ್ರಿ. ಕಾಲು ತೂಗಾಡಿದ್ರ ಪರೀಕ್ಷಿ ಬರೀಬಹುದು. ಡೆಸ್ಕ ಇಲ್ಲದಿದ್ರ ಇಲ್ಲ.” ಗಂಟು ಬಿಗಿದು ತಲೆ ಎತ್ತಿದರು. “ಅದು ಬಿಡ್ರಿ. ಸಣ್ಣ ತರಗತಿಯವು ಇನ್ನೂ ನೆಲದ ಮ್ಯಾಲೆ ಕುಂದರ್ತಾವು. ಅವಕ್ಕ ಹತ್ತು ಡೆಸ್ಕು ಬೇಕಾಗ್ಯಾವು. ಯಾವಾಗ ಕರೀತೀರಿ?”

ಕ್ರಮ ಜರುಗಿಸಲಾಗುವುದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಒಂದು ಬಿದಿರ ಕಡ್ಡಿ ಸಿಗುತ್ತದೆಯೇ ಎಂದು ಕೇಳಿದೆ. ಹೊರಗೆ ಅಂಗಳದಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಕಟ್ಟೆಯ ಮೇಲೆ ಸಾಲಾಗಿ ಕೂರಿಸಿದರು. ನಾನು ಮಂಡಿಯೂರಿ, ಮೊದಲನೆಯದರ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಕಡ್ಡಿ ಹಿಡಿದು ಗೀರು ಹಾಕಿದೆ. ಮಗು ಕಚಗುಳಿಯಾಗಿ ಕಾಲೆಳೆದುಕೊಂಡಿತು. ಮತ್ತೆ ಹಿಡಿದೆ.